ಗಂಟೆಗಿಷ್ಟು ಎಂದು ಬಂದ ಮೇಷ್ಟ್ರು

ನಮ್ಮ ಸರ್ ತೀರಿಕೊಂಡ ಸುದ್ದಿ ಹಳೆಯ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ಕೂಡಲೇ ಎದ್ದ ಪ್ರಶ್ನೆ, ಈ ಸಂಚಿಕೆಗೆ ಹಾಕಲು ಅವರದೊಂದು ಫೋಟೊ ಕಾಲೇಜಿನಲ್ಲಿ ಸಿಗಬಹುದೇ ಎಂಬುದು. ಸಿಗಲಿಲ್ಲ. ಸಿಗುವುದಾದರೂ ಹೇಗೆ? ಪತ್ರಿಕೋದ್ಯಮ ವಿಭಾಗದ ಸ್ಟಾಫ್ ಫೋಟೊಕ್ಕೆ ಅವರನ್ನು ಯಾರೂ ಕರೆದದ್ದೇ ಇಲ್ಲ. ಅವರದು ವಿಸಿಟಿಂಗ್. ಬರಬೇಕು, ಪಾಠ ಮಾಡಬೇಕು, ಗಂಟೆಗಿಷ್ಟು ಎಂದು ವೋಚರಿಗೆ ಸಹಿ ಹಾಕಿ ಹೋಗಬೇಕು.

ನಾನು ಸಂಜೆ ಡಿಪ್ಲೊಮಾಕ್ಕೆ ಸೇರಿದ್ದು ಎಂಬತ್ತರ ದಶಕದ ನಡುವೆ. ಬೆಳಿಗ್ಗೆ ಮಾಟುಂಗದಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುವುದು, ಆರು ಗಂಟೆಗೆ ಕ್ಲಾಸು. ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಬಿ.ಎ.ಯನ್ನೂ ಹೇಗೋ ದಾಟಿ ಬಂದವನು ನಾನು. ಆ ವರ್ಷ ಯಾವ ಯಾವ ಪೇಪರುಗಳಿದ್ದವು ಎಂದು ಈಗ ಕೇಳಿದರೆ ಹೇಳಲಾರೆ. ಪ್ರೆಸ್ ಲಾ ಅಂತ ಒಂದಿತ್ತು, ಅದರಲ್ಲಿ ಒಳ್ಳೆಯ ನಿದ್ದೆ ಬರುತ್ತಿತ್ತು.

ಸರ್ ವಿಜಾಪುರದ ಕಡೆಯವರು. ಹಾಜರಿ ಕೂಗುವಾಗ ನನ್ನ ಅಡ್ಡಹೆಸರು ಕಂಡದ್ದೇ ಇಂಗ್ಲಿಷ್ ಬಿಟ್ಟು, “ಏನಪಾ ಮಂಗಳೂರು, ಹಿಂದ ಯಾಕ ಕುಂತಿ? ಮುಂದ ಬಾ” ಎಂದರು. ನಾನು ಉಡುಪಿಯವನು. ಆದರೂ ಕೊನೆಯವರೆಗೆ ಅವರಿಗೆ ನಾನು ಮಂಗಳೂರೇ.

ಅವರಿಗೆ ಪಿಎಚ್.ಡಿ. ಇರಲಿಲ್ಲ. ಇದ್ದದ್ದು ಹಳ್ಳಿ ಸುತ್ತಿದ ಅನುಭವ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅವರು ಸಮೀಕ್ಷೆಯ ಕೆಲಸ ಮಾಡಿದ್ದರು. ನಾಸಾದಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ತಲುಪಿಸಿದ ಪ್ರಯೋಗ ಅದು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕೋಳಿಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ ಶಾಲೆಯ ಹತ್ತಿರ ನಿಲ್ಲಿಸುತ್ತಿದ್ದರಂತೆ. ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಚಿತ್ರ ಒಂದು, ಧ್ವನಿ ಎರಡು, ತೆಲುಗಿನವರಿಗೊಂದು ಕನ್ನಡದವರಿಗೊಂದು.

“ಪರದೆದಾಗ ಅಂವ ಬಾಯಿ ಮುಚ್ಚಿದ್ರೂ ಮಾತು ಇನ್ನೂ ಬರತಿತ್ತು. ಮುಂದ ಕುಂತ ಮುದುಕ ಏನಂದ ಗೊತ್ತೇನು? ‘ಇಂವ ನಮ್ಮಾಂವ ಅಲ್ಲ, ಬಾಡಿಗಿ ಬಾಯಿ’ ಅಂದ.” ಕ್ಲಾಸು ನಕ್ಕಿತು. ಸರ್ ನಗಲಿಲ್ಲ. ಆ ಮುದುಕನ ಮಾತನ್ನು ಫಾರಂನಲ್ಲಿ ಬರೆಯಲು ಕಾಲಂ ಇರಲಿಲ್ಲ, ಅದಕ್ಕೆ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ, ನೀವು ವರದಿಗಾರರಾದ ಮೇಲೆ ಅಂಚಿನಲ್ಲಿ ಬರೆದದ್ದನ್ನೇ ಮೊದಲು ಓದಿ ಎಂದರು. ಮೂವತ್ತು ವರ್ಷ ಡೆಸ್ಕಿನಲ್ಲಿ ಕೂತು ನಾನು ತಿದ್ದಿದ ವರದಿಗಳಿಗೆ ಒಂದಿಷ್ಟು ಹೆಸರು ಬಂದಿದ್ದರೆ, ಮತ್ತು ಬಂದಿದೆ ಎಂದು ನನಗಿಂತ ಹೆಚ್ಚಾಗಿ ಬೇರೆಯವರೇ ಹೇಳುತ್ತಾರೆ, ಅದರ ಬೇರು ಅಲ್ಲಿದೆ.

ವರ್ಷ ಮುಗಿದದ್ದೇ ಉಪಗ್ರಹ ಭಾರತದ ಪಾಲಿಗೆ ಇಲ್ಲವಾಯಿತು. “ಅದೂ ನನ್ನಂಗ ವಿಸಿಟಿಂಗ್” ಎನ್ನುತ್ತಿದ್ದರು.

ನಾನು ಡಿಪ್ಲೊಮಾ ಓದುತ್ತಿದ್ದ ವರ್ಷವೇ ಅಮೆರಿಕದಿಂದ, ಅಲ್ಲಿನ ಸರ್ಕಾರದ ವಿದ್ವಾಂಸ ವಿನಿಮಯದ ಫುಲ್‌ಬ್ರೈಟ್ ಯೋಜನೆಯಲ್ಲಿ ಒಬ್ಬ ಪ್ರೊಫೆಸರೂ ಬಂದಿದ್ದರು. ಅವರಿಗೆ ಪ್ರತ್ಯೇಕ ಕೋಣೆ, ಟೇಬಲ್ ಫ್ಯಾನು. ಒಳ್ಳೆಯ ಮನುಷ್ಯ, ನಮ್ಮ ಹೋಟೆಲಿನ ನೀರುದೋಸೆಗೆ ಮರುಳಾದವರು. ಅಯೋವಾದ ರೈತರು ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಹೇಗೆ ಒಪ್ಪಿಕೊಂಡರು ಎಂದು ರಯಾನ್ ಮತ್ತು ಗ್ರಾಸ್ 1943ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ಮನಮುಟ್ಟುವಂತೆ ಹೇಳಿದರು. ಹೊಸದನ್ನು ಕೊನೆಗೆ ಒಪ್ಪುವವರಿಗೆ ‘ಲ್ಯಾಗರ್ಡ್’ ಎನ್ನುತ್ತಾರೆಂದೂ ಕಲಿಸಿದರು. ಹಿಂದಿನ ಬೆಂಚಿನಲ್ಲಿ ನಮ್ಮ ಜೊತೆ ಕೂತಿದ್ದ ಸರ್ ಎದ್ದು, ಬೀಜ ಕೊಳ್ಳದವನ ಹೊಲಕ್ಕೆ ನೀರಿದೆಯೇ ಎಂದು ಯಾರಾದರೂ ನೋಡಿದ್ದರೇ ಎಂದು ಕೇಳಿದರು. ಅಮೆರಿಕದ ಪ್ರೊಫೆಸರ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬೇರೆ ಯಾರಾದರೂ ಆಗಿದ್ದರೆ ಮುಖ ಗಂಟು ಹಾಕುತ್ತಿದ್ದರು.

ಇನ್ನು ನಮ್ಮ ಕಿತಾಪತಿ. 1940ರ ಅಮೆರಿಕದ ಚುನಾವಣೆಯಲ್ಲಿ ಪಾಲ್ ಲಜಾರ್ಸ್‌ಫೆಲ್ಡ್ ತಂಡ ಒಹಾಯೊದ ಈರಿ ಕೌಂಟಿಯಲ್ಲಿ ಜನರನ್ನು ಮತ್ತೆ ಮತ್ತೆ ಮಾತಾಡಿಸಿ ಕಂಡುಕೊಂಡದ್ದನ್ನು ಸರ್ ವಿವರಿಸಿದ್ದರು: ಪತ್ರಿಕೆ, ರೇಡಿಯೊ ಹೇಳಿದ್ದು ಮೊದಲು ನಾಲ್ಕು ಜನ ಯಾರನ್ನು ನಂಬುತ್ತಾರೋ ಅವರ ಕಿವಿಗೆ, ಅವರ ಬಾಯಿಂದ ಉಳಿದವರಿಗೆ. ಸರಿ, ನಾವೂ ನೋಡಿಯೇಬಿಡೋಣ ಎಂದು ಹೊರಟೆವು. ಹಿಂದಿ ಸಿನಿಮಾದ ದೊಡ್ಡ ನಟರೊಬ್ಬರು ವಿಸಿಟಿಂಗ್ ಪ್ರೊಫೆಸರ್ ಆಗಿ ಬರುತ್ತಾರೆ, ಗುರುವಾರ ಮೊದಲ ಕ್ಲಾಸು ಎಂದು ಇಬ್ಬರಿಗೆ ಮಾತ್ರ ಗುಟ್ಟಾಗಿ ಹೇಳಿದೆವು. ಕ್ಯಾಂಟೀನಿನ ಹುಡುಗನಿಗೆ, ಲೈಬ್ರರಿಯ ಪ್ಯೂನಿಗೆ.

ಗುರುವಾರ ಕ್ಲಾಸಿನಲ್ಲಿ ಕಾಲಿಡಲು ಜಾಗವಿಲ್ಲ. ಪಕ್ಕದ ಕಾಲೇಜಿನ ಹುಡುಗಿಯರು ಕಿಟಕಿಯಲ್ಲಿ. ಪ್ರಿನ್ಸಿಪಾಲರು ಇಸ್ತ್ರಿ ಮಾಡಿದ ಸಫಾರಿ ಸೂಟಿನಲ್ಲಿ. ಆಫೀಸಿನ ಕ್ಲರ್ಕ್ ವೋಚರ್ ಪುಸ್ತಕ ಹಿಡಿದು, ಇಂಥವರಿಗೆ ಗಂಟೆಗೆ ಎಷ್ಟು ಬರೆಯುವುದು ಎಂದು ಒದ್ದಾಡುತ್ತಿದ್ದಾನೆ! ಬಂದದ್ದು ನಮ್ಮ ಸರ್. ಒಂದು ನಿಮಿಷ ಜನರನ್ನು ನೋಡಿದರು, ಸೀಮೆಸುಣ್ಣ ತೆಗೆದುಕೊಂಡರು. “ನಿಮಗ ಯಾರು ಹೇಳಿದ್ರು?” ಒಬ್ಬೊಬ್ಬರನ್ನೇ ಎಬ್ಬಿಸಿ ಬೋರ್ಡಿನ ಮೇಲೆ ಹೆಸರು, ಗೆರೆ, ಮತ್ತೆ ಹೆಸರು. ಪ್ರಿನ್ಸಿಪಾಲರಿಗೂ ಒಂದು ಗೆರೆ ಬಿತ್ತು. ಮುಕ್ಕಾಲು ಗಂಟೆಯಲ್ಲಿ ಗೆರೆಗಳೆಲ್ಲ ಇಬ್ಬರಲ್ಲಿ ಕೂಡಿದವು, ಆ ಇಬ್ಬರೂ ನನ್ನತ್ತ ಬೆರಳು ತೋರಿಸಿದರು.

“ಮಂಗಳೂರು, ಎದ್ದು ನಿಂದರು.” ನಿಂತೆ. “ಚಲೋ ಆತು. ನನ್ನ ಕ್ಲಾಸಿಗೆ ಇಷ್ಟು ಮಂದಿ ಎಂದೂ ಬಂದಿದ್ದಿಲ್ಲ.”

ಆಮೇಲೆ ನಮ್ಮನ್ನೆಲ್ಲ ಮಾಟುಂಗ ಸ್ಟೇಷನ್ ಎದುರಿನ ರಾಮ ನಾಯಕರ ಬೋರ್ಡಿಂಗಿಗೆ ಕರೆದುಕೊಂಡು ಹೋದರು. ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲವಾದ್ದರಿಂದ ನಿಜವಾದ ಪಾಠ ಯಾವಾಗಲೂ ಇಂಥ ಕಡೆಯೇ ನಡೆಯುತ್ತಿತ್ತು. ಬಾಳೆ ಎಲೆಯ ಮೇಲೆ ಸಾರು ಹರಿದುಹೋಗುವ ಮೊದಲು ಅನ್ನದ ಕಟ್ಟೆ ಕಟ್ಟಿಕೊಳ್ಳುತ್ತ, ನನ್ನ ವರದಿಯ ಮೊದಲ ಪ್ಯಾರಾ ಯಾಕೆ ಸತ್ತಿದೆ ಎಂದು ಅವರು ಹೇಳಿದ್ದನ್ನು ಯಾವ ಪೇಪರಿನಲ್ಲೂ ಕೇಳಲಿಲ್ಲ. ಆ ವಾರದ ಅವರ ಸಂಭಾವನೆ ನಮ್ಮ ಊಟಕ್ಕೇ ಹೋಗಿರಬೇಕು.

2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಕೆಲಸದ ಅನುಭವ ಇರುವವರನ್ನು ಪಾಠಕ್ಕೆ ತೆಗೆದುಕೊಳ್ಳಲು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂದು ಹೊಸ ನಿಯಮ ತಂದಾಗ ಸರ್‌ಗೆ ಫೋನ್ ಮಾಡಿದ್ದೆ. ಡಿಗ್ರಿ ಕಡ್ಡಾಯವಲ್ಲ, 15 ವರ್ಷದ ಅನುಭವ ಸಾಕು, ಇಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ. 10 ಮೀರಬಾರದು, ಒಬ್ಬರ ಸೇವೆ ಎಲ್ಲ ಸೇರಿ ನಾಲ್ಕು ವರ್ಷಕ್ಕಿಂತ ಹೆಚ್ಚಿಲ್ಲ. “ನಲವತ್ತು ವರ್ಷ ತಡಾ ಆತಲ್ಲೋ” ಎಂದು ನಕ್ಕಿದ್ದರು. ನಿಯಮ ಒಳ್ಳೆಯದೇ. ಆದರೆ ಈಗ ನಾನು ಕಾಣುವ ಅತಿಥಿಗಳು ಬರುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ, ಸ್ಲೈಡ್ ತೋರಿಸುತ್ತಾರೆ, ಗ್ರೂಪ್ ಫೋಟೊ ತೆಗೆಸಿಕೊಂಡು ವಿಮಾನ ಹಿಡಿಯುತ್ತಾರೆ. ಮಕ್ಕಳ ಕೈಯಲ್ಲಿ ಕ್ಯಾಮೆರಾ ಇದೆ, ಕಾಲೇಜಿನಲ್ಲಿ ಸ್ಟುಡಿಯೊ ಇದೆ, ಬೀದಿಗೆ ಹೋಗಿ ಒಬ್ಬರನ್ನು ಮಾತಾಡಿಸಿ ಬಾ ಎಂದರೆ ಲೊಕೇಶನ್ ಕಳಿಸಿ ಸರ್ ಎನ್ನುತ್ತಾರೆ.

ಹೀಗೆ ದೂರುವ ನಾನೂ ಈಗ ಉಪನಗರದ ಒಂದು ಕಾಲೇಜಿನಲ್ಲಿ ವಿಸಿಟಿಂಗ್ ಎಂಬುದನ್ನು ಸಂಪಾದಕರು ಅಡಿಟಿಪ್ಪಣಿಯಲ್ಲಿ ಹಾಕಿದರೆ ನನ್ನ ಆಕ್ಷೇಪವಿಲ್ಲ. ಮೊದಲ ದಿನವೇ ಪ್ಯಾನ್ ಕಾರ್ಡು, ಕ್ಯಾನ್ಸಲ್ ಮಾಡಿದ ಚೆಕ್ಕು ಕೇಳಿದರು. ಕುರ್ಚಿ ಕೇಳಿದ್ದಕ್ಕೆ ಲೈಬ್ರರಿಯಲ್ಲಿ ಕೂರಿ ಸರ್ ಎಂದರು. ನಾನು ಮಕ್ಕಳನ್ನು ಕರೆದುಕೊಂಡು ಹತ್ತಿರದ ಉಡುಪಿ ಹೋಟೆಲಿಗೆ ಹೋದೆ. ಅರ್ಧ ಜನ ಪನೀರ್ ದೋಸೆ ಹೇಳಿದರು, ಮೊದಲೇ ಹಿಡಿಯುವ ತೆರಿಗೆ, ಅಂದರೆ ಟಿಡಿಎಸ್, ಕಳೆದು ಕೈಗೆ ಬರುವ ಒಂದು ಗಂಟೆಯ ಸಂಭಾವನೆ ಬಿಲ್ಲಿಗೆ ಸಾಲಲಿಲ್ಲ.