ಬಚ್ಚಲ ಕಂಡಿ ಹೋಗಿ ಪೈಪು ಬಂದ ಮೇಲೆ

ಮಲೆನಾಡಿನ ಹಳೇ ಮನೆಗಳಲ್ಲಿ ಬಚ್ಚಲು ಕಟ್ಟಿಕೊಂಡಿತು ಅನ್ನುವ ಮಾತೇ ಅಪರೂಪ. ಗೋಡೆಯ ಬುಡದಲ್ಲಿ ಗೇಣಗಲದ ಕಂಡಿ, ಅದರಾಚೆ ತೆರೆದ ಕಾಲುವೆ, ಕಾಲುವೆಯ ಕೊನೆಗೆ ಬಾಳೆ, ಕೆಸು. ಪಾತ್ರೆ ತಿಕ್ಕಿದ ಬೂದಿ, ಸೀಗೆಪುಡಿ, ಅನ್ನದಗುಳು ಏನು ಹೋದರೂ ಕಣ್ಣಿಗೆ ಕಾಣುತ್ತಿತ್ತು. ಆಗಾಗ ಹಿಡಿಸೂಡಿಯಲ್ಲಿ ಒಂದು ಸಲ ಎಳೆದರೆ ಮುಗಿಯಿತು. ಈಗ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ರಿಪೇರಿ ಮಾಡಿಸಿದವರು ಆ ಕಂಡಿ ಮುಚ್ಚಿಸಿ ನೆಲದೊಳಗೆ ಪಿವಿಸಿ ಪೈಪು ಹೂಳಿಸುತ್ತಿದ್ದಾರೆ. ಪೈಪು ಹೊಸದು, ರೂಢಿ ಹಳೆಯದು. ತಾಪತ್ರಯ ಶುರುವಾಗುವುದು ಅಲ್ಲೇ.

ಅಡುಗೆಮನೆಯ ಸಿಂಕಿನಿಂದಲೇ ಹಿಡಿಯೋಣ. ಸಿಂಕಿನ ಕೆಳಗಿನ ವೇಸ್ಟ್ ಪೈಪು ಒಂದೂಕಾಲು ಇಂಚಿನದು, ಹೆಚ್ಚೆಂದರೆ ಒಂದೂವರೆ ಇಂಚು. ಅದರಲ್ಲೂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಮಡಿಕೆ ಮಡಿಕೆಯಾಗಿ ಎಳೆದರೆ ಉದ್ದವಾಗುವ ಪೈಪಿದೆಯಲ್ಲ, ಅದರ ಒಂದೊಂದು ಮಡಿಕೆಯೂ ಜಿಡ್ಡು ಹಿಡಿಯಲು ಹೇಳಿ ಮಾಡಿಸಿದ ಜಾಗ. ನಮ್ಮ ಅಡುಗೆಯಲ್ಲಿ ಕಾಯಿ ಇಲ್ಲದ ದಿನವಿಲ್ಲ. ರುಬ್ಬಿದ ಮಸಾಲೆಯ ಪಾತ್ರೆ ತೊಳೆದ ನೀರಿನಲ್ಲಿ ಕಾಯಿಯ ಎಣ್ಣೆಯೂ ಇದೆ, ಸಣ್ಣ ನಾರೂ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್–ಜನವರಿಯ ಬೆಳಗ್ಗೆ ಬಾಟಲಿಯಲ್ಲಿ ಅದು ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ, ಪೈಪಿನೊಳಗೂ ಹಾಗೇ ಕೂರುತ್ತದೆ. ಆ ಜಿಡ್ಡಿನ ಮೇಲೆ ಬೂದಿ ಅಂಟುತ್ತದೆ, ಬೂದಿಯ ಮೇಲೆ ಕಾಫಿ ಚರಟ, ಅದರ ಮೇಲೆ ಮತ್ತೆ ಜಿಡ್ಡು. ಕಟ್ಟಿಕೊಂಡ ಪೈಪನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಗೋಡೆಗೆ ಅಂಟಿಕೊಂಡು ಬೂದು, ಕಂದು, ಬಿಳಿ ಪದರ ಒಂದರ ಮೇಲೊಂದು ಇರುತ್ತದೆ. ನಡುವೆ ಉಳಿದಿರುವ ತೂತಿನಲ್ಲಿ ಕಿರುಬೆರಳು ತೂರಿದರೆ ಹೆಚ್ಚು.

ಸೌದೆ ಒಲೆ, ಹಂಡೆ ಒಲೆ ಇರುವ ಮನೆಯಲ್ಲಿ ಬೂದಿಯಿಂದ ಪಾತ್ರೆ ತಿಕ್ಕುವುದನ್ನು ಬಿಡಬೇಕಿಲ್ಲ. ತಿಕ್ಕಿದ ಪಾತ್ರೆಯನ್ನು ಮೊದಲು ಒಂದು ಬಕೆಟ್ ನೀರಿನಲ್ಲಿ ಅದ್ದಿ ತೆಗೆಯಿರಿ. ಬೂದಿ ತಳಕ್ಕೆ ಕೂರುತ್ತದೆ, ಅದು ಅಡಿಕೆ ಬುಡಕ್ಕೋ ತೆಂಗಿನ ಬುಡಕ್ಕೋ ಹೋಗಲಿ. ಜಿಡ್ಡಿನ ಬಾಣಲೆ, ಒಗ್ಗರಣೆ ಸೌಟುಗಳನ್ನು ತೊಳೆಯುವ ಮುಂಚೆ ಹಳೇ ಪೇಪರಿನಲ್ಲಿ ಒರೆಸಿ ಒಲೆಗೆ ಹಾಕಿ. ನನ್ನ ಪ್ರಕಾರ ಸಿಂಕು ಉಳಿಸುವ ಕೆಲಸದಲ್ಲಿ ಈ ಒರೆಸುವುದೊಂದೇ ಯಾವ ಕೆಮಿಕಲ್ ಪುಡಿಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಇನ್ನು ಹಂಗಾಮಿನ ಶತ್ರುಗಳು. ಬಾಳೆದಿಂಡು ಹೆಚ್ಚುವಾಗ ಬೆರಳಿಗೆ ಸುತ್ತಿ ತೆಗೆಯುವ ನಾರು ಸಿಂಕಿಗೆ ಬಿದ್ದರೆ ಮೊದಲ ತಿರುವಿನಲ್ಲೇ ಬಲೆ ಕಟ್ಟುತ್ತದೆ. ಹಲಸಿನ ಮೇಣ ಅಂಟಿದ ಚಾಕುವನ್ನು ಬಿಸಿನೀರಿನಲ್ಲಿ ತೊಳೆದರೆ ಮೇಣ ಕರಗಿ ಮುಂದೆ ಹೋಗಿ ತಣ್ಣಗಾದಲ್ಲಿ ಕಚ್ಚಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಸವರಿ ಕಾಗದದಲ್ಲಿ ಒರೆಸಿಬಿಡುವುದೇ ದಾರಿ. ಅಡಿಕೆ ಬೇಯಿಸಿದ ಚೊಗರಿನ ಪಾತ್ರೆಯನ್ನಂತೂ ಒಳಗೆ ತರಲೇಬಾರದು, ಅಂಗಳದಲ್ಲೇ ತೊಳೆದು ಮುಗಿಸಿ.

ವಾರಕ್ಕೊಮ್ಮೆ ಬಿಸಿನೀರು ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಕುದಿಯುವ ನೀರು ಬೇಡ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಜಾಯಿಂಟ್ ಸಡಿಲವಾಗಿ ಕಪಾಟಿನೊಳಗೆ ತೊಟ್ಟಿಕ್ಕಲು ಶುರುವಾಗುತ್ತದೆ. ಹಂಡೆಯಲ್ಲಿ ಬೆರಳು ಅದ್ದಿ ತಟ್ಟನೆ ತೆಗೆಯುವಷ್ಟು ಬಿಸಿ ಸಾಕು. ಸಿಂಕಿನ ಬಾಯಿಗೆ ಬಟ್ಟೆ ತುರುಕಿ, ಎಂಟು–ಹತ್ತು ಲೀಟರ್ ತುಂಬಿಸಿ, ಒಂದು ಚಮಚ ಪಾತ್ರೆ ಸೋಪಿನ ದ್ರಾವಣ ಕದಡಿ, ಒಮ್ಮೆಲೇ ಬಟ್ಟೆ ಎಳೆಯಿರಿ. ಪೈಪು ತುಂಬಿ ಹರಿಯುವ ರಭಸಕ್ಕೆ ಜಿಡ್ಡು ಏಳುತ್ತದೆ. ಚೊಂಬಿನಲ್ಲಿ ಸ್ವಲ್ಪ ಸ್ವಲ್ಪ ಸುರಿದರೆ ಏನೂ ಆಗದು. ಇನ್ನೊಂದು ಮಾತು: ಕಡುಬಿನ ಹಿಟ್ಟು, ರೊಟ್ಟಿ ಹಿಟ್ಟು, ದೋಸೆ ಹಿಟ್ಟಿನ ಪಾತ್ರೆಗೆ ಮೊದಲು ತಣ್ಣೀರೇ ಆಗಬೇಕು. ಅಕ್ಕಿಹಿಟ್ಟಿಗೆ ಬಿಸಿನೀರು ತಾಗಿದರೆ ಪೈಪಿನೊಳಗೇ ಅಂಟು ಕಾಸಿದ ಹಾಗೆ.

ಬಚ್ಚಲುಮನೆಯ ನೆಲದಲ್ಲಿರುವ ನಾನಿ ಟ್ರ್ಯಾಪಿನದು ಬೇರೆ ಕತೆ. ಅಲ್ಲಿ ಕೂದಲು, ಸೀಗೆಪುಡಿ, ಮೈಗೆ ತಿಕ್ಕಿದ ಕಡಲೆಹಿಟ್ಟು, ತೋಟದಿಂದ ಕಾಲಿಗೆ ಹತ್ತಿ ಬಂದ ಕೆಂಪು ಮಣ್ಣು. ಸೀಗೆಪುಡಿಯನ್ನು ನೇರವಾಗಿ ತಲೆಗೆ ಹಾಕುವ ಬದಲು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೆಳುಬಟ್ಟೆಯಲ್ಲಿ ಸೋಸಿ, ರಸ ಮಾತ್ರ ಬಳಸಿ. ಅಂಟುವಾಳಕ್ಕೂ ಇದೇ. ಮೇಲಿನ ಜಾಲರಿ ಎತ್ತಿದರೆ ಒಳಗೊಂದು ಬಟ್ಟಲಿನಂಥ ಕಪ್ಪು (ಕಪ್) ಕವುಚಿಟ್ಟಂತೆ ಇರುತ್ತದೆ. ಅದರ ಸುತ್ತ ಸುಮಾರು ಎರಡು ಇಂಚು ನೀರು ನಿಲ್ಲಬೇಕು, ಚೇಂಬರಿನ, ಅಂದರೆ ಹೊರಗೆ ಪೈಪುಗಳು ಸೇರುವ ಮುಚ್ಚಳದ ತೊಟ್ಟಿಯ, ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ನೀರೇ. ನೀರು ನಿಧಾನ ಹೋಗುತ್ತದೆಂದು ಆ ಕಪ್ಪನ್ನೇ ಕಿತ್ತೆಸೆದ ಮನೆಗಳು ಬೇಕಾದಷ್ಟಿವೆ, ಆಮೇಲೆ ಫಿನಾಯಿಲ್ ಖರ್ಚು ಮಾತ್ರ ಏರುತ್ತದೆ. ಹದಿನೈದು ದಿನಕ್ಕೊಮ್ಮೆ ಕೈಗೆ ಗವಸು ಹಾಕಿ ಕಪ್ಪು ಎತ್ತಿ, ತಂತಿಯ ತುದಿಯನ್ನು ಕೊಕ್ಕೆ ಮಾಡಿ ಕೂದಲು ಎಳೆದು, ಕಪ್ಪು ತೊಳೆದು ವಾಪಸ್ ಕೂರಿಸಿ. ಬೇಸಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುವುದಿದ್ದರೆ ಪ್ರತಿ ಟ್ರ್ಯಾಪಿಗೂ ಒಂದು ಚೊಂಬು ನೀರು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪೊರೆ ಇದ್ದರೆ ನೀರು ಬೇಗ ಆರುವುದಿಲ್ಲ.

ಕಟ್ಟಿಕೊಂಡೇ ಬಿಟ್ಟರೆ ಕೋಲು ಹಿಡಿಯುವ ಮುಂಚೆ ಎಲ್ಲಿ ಕಟ್ಟಿದೆ ಅಂತ ನೋಡಿ. ಸಿಂಕು ಮಾತ್ರ ನಿಂತಿದ್ದರೆ ತೊಂದರೆ ಸಿಂಕಿನ ಕೆಳಗೆ. ಸಿಂಕಿನ ನೀರು ಬಿಟ್ಟಾಗ ಬಚ್ಚಲಲ್ಲಿ ನೀರು ಮೇಲೆ ಬಂದರೆ ಎರಡೂ ಸೇರುವ ಚೇಂಬರಿನಲ್ಲೋ ಅದರ ಮುಂದಿನ ಪೈಪಿನಲ್ಲೋ. ಕಮೋಡೂ ಸೇರಿ ಎಲ್ಲ ಕಡೆ ನಿಧಾನವಾದರೆ ಹೊರಗಿನ ಮುಖ್ಯ ಪೈಪು ಇಲ್ಲವೇ ಗುಂಡಿ. ನೀರು ಹೋಗುತ್ತಿದೆ ಆದರೆ ಗುಳುಗುಳು ಸದ್ದು ಅಂದರೆ ಗಾಳಿ ಪೈಪಿನ ಬಾಯಿ ನೋಡಿ, ಕಣಜ ಗೂಡು ಕಟ್ಟಿರಬಹುದು.

ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್ ಬಿಚ್ಚುವುದಕ್ಕೆ ಪ್ಲಂಬರ್ ಬೇಕಿಲ್ಲ. ಕೆಳಗೆ ಬಕೆಟ್ ಇಡಿ. ಬಾಟಲಿಯ ತಳದ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗಿನಿಂದ ನೋಡಿದಾಗ ಎಡಕ್ಕೆ ತಿರುಗುವಂತೆ ಬಿಚ್ಚಿ. ಪ್ಲಾಸ್ಟಿಕ್ಕಿನದಾದರೆ ಪಾನಾ ಹಾಕಬೇಡಿ, ಮರೆ (ತಿರುಪಿನ ಗೆರೆ) ಒಡೆಯುತ್ತದೆ. ಬಿಗಿಯಾಗಿದ್ದರೆ ಒಣ ಬಟ್ಟೆ ಸುತ್ತಿ ಹಿಡಿಯಿರಿ. ಕಪ್ಪು ಗಸಿಯನ್ನು ಬಕೆಟ್ಟಿಗೆ ಸುರಿದು, ಒಳಗೆ ಇಳಿದಿರುವ ಕೊಳವೆಯನ್ನು ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ. ವಾಷರ್ ಅಂಚಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿಕೊಂಡೇ ತಿರುಗಿಸಿ, ಅದು ಮಡಚಿಕೊಂಡರೆ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ಕೊನೆಗೆ ಕೆಳಗೆ ಒಣ ಪೇಪರ್ ಹಾಸಿ ಒಂದು ಬಕೆಟ್ ನೀರು ಬಿಡಿ. ಒಂದು ಹನಿ ಬಿದ್ದರೂ ಪೇಪರಿನಲ್ಲಿ ಕಾಣುತ್ತದೆ. ಬಕೆಟ್ಟಿನ ಗಸಿಯನ್ನು ಮತ್ತೆ ಅದೇ ಸಿಂಕಿಗೆ ಸುರಿಯುವವರೂ ಇದ್ದಾರೆ!

ಟ್ರ್ಯಾಪ್ ಸ್ವಚ್ಛವಾಗಿದ್ದೂ ನೀರು ಹೋಗದಿದ್ದರೆ ರಬ್ಬರ್ ಪಂಪು. ಸಿಂಕಿನಲ್ಲಿ ಎರಡು–ಮೂರು ಇಂಚು ನೀರಿರಲಿ, ಮೇಲಿನ ಓವರ್‌ಫ್ಲೋ ತೂತಿಗೆ ಒದ್ದೆ ಬಟ್ಟೆ ತುರುಕಿ. ಒತ್ತುವುದಕ್ಕಿಂತ ಎಳೆಯುವುದರಲ್ಲಿ ಜೋರಿರಲಿ, ಗಂಟು ಹಿಂದಕ್ಕೆ ಬಂದು ಒಡೆಯಬೇಕು. ಹೊರಗಿನ ಪೈಪಿಗೆ ಬಿದಿರಿನ ಸೀಳು ನಡೆಯುತ್ತದೆ, ಆದರೆ ಗಂಟು ಇಲ್ಲದಂತೆ ಹೆರೆದಿರಬೇಕು, ಚೇಂಬರಿನ ಕಡೆಯಿಂದ ಮೇಲಕ್ಕೆ ತೂರಬೇಕು. ಅಡಿಕೆ ದಬ್ಬೆ ಬೇಡ, ಬೆಂಡಿನಲ್ಲಿ ಮುರಿದುಕೊಂಡರೆ ನೆಲ ಅಗೆಯುವ ಕೆಲಸ.

ಅಡಿಗೆ ಸೋಡಾ, ವಿನೆಗರ್ ಸುರಿದರೆ ನೊರೆ ಚೆನ್ನಾಗಿ ಬರುತ್ತದೆ, ಅಷ್ಟೇ. ಆಮ್ಲ, ಕ್ಷಾರ ಒಂದನ್ನೊಂದು ನುಂಗಿ ಉಳಿಯುವುದು ಉಪ್ಪುನೀರಿನಂಥ ದ್ರಾವಣ, ಜಿಡ್ಡಿಗೆ ಅದು ಲೆಕ್ಕಕ್ಕಿಲ್ಲ. ಕಾಸ್ಟಿಕ್ ಸೋಡಾ ಜಿಡ್ಡನ್ನು ಸೋಪು ಮಾಡಿ ಬಿಡಿಸುತ್ತದೆ, ಕೂದಲನ್ನೂ ಕರಗಿಸುತ್ತದೆ. ಬೂದಿ, ಮಣ್ಣನ್ನು ಏನೂ ಮಾಡದು. ಹಾಕಲೇಬೇಕಾದರೆ ನಿಂತ ನೀರನ್ನು ಮೊಗೆದು ತೆಗೆದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ತಣ್ಣೀರು ಇಟ್ಟುಕೊಂಡು, ಅದಕ್ಕೆ ಎರಡು ಚಮಚ ಸೋಡಾ ನಿಧಾನ ಹಾಕಿ. ಸೋಡಾದ ಮೇಲೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಗವಸು, ಕನ್ನಡಕ ಇರಲಿ. ಅಲ್ಯೂಮಿನಿಯಂ ಪಾತ್ರೆ ಹತ್ತಿರ ತರಬೇಡಿ, ಅದನ್ನು ತಿಂದು ಬೆಂಕಿ ಹತ್ತುವ ಗಾಳಿ ಬಿಡುತ್ತದೆ. ಅರ್ಧ ಗಂಟೆಯ ಮೇಲೆ ಎರಡು ಬಕೆಟ್ ನೀರು ಬಿಡಿ. ಹಾಗೇ ರಾತ್ರಿಯೆಲ್ಲ ಬಿಟ್ಟರೆ ಆ ಸೋಪು ತಣ್ಣಗಾಗಿ ಮೊದಲಿಗಿಂತ ಗಟ್ಟಿ ಗಂಟಾಗುತ್ತದೆ. ಸೋಡಾ ಹಾಕಿದ ಸಿಂಕಿಗೆ ರಬ್ಬರ್ ಪಂಪು ಹಾಕಬಾರದು. ಟಾಯ್ಲೆಟ್ ಆಸಿಡ್ಡೂ ಬ್ಲೀಚಿಂಗ್ ಪೌಡರೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ, ಒಂದೇ ದಿನ ಎರಡನ್ನೂ ಮುಟ್ಟಬೇಡಿ.

ಮಳೆಗಾಲದಲ್ಲಿ ಕಟ್ಟಿಕೊಂಡಂತೆ ಕಂಡದ್ದೆಲ್ಲ ಕಟ್ಟಿಕೊಂಡದ್ದಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಆ ಸೀಮೆಯಲ್ಲಿ ಜುಲೈ ಹೊತ್ತಿಗೆ ನೆಲವೇ ನೀರು ಕುಡಿದು ಕೂತಿರುತ್ತದೆ, ಇಂಗುಗುಂಡಿಯ ನೀರು ಹೋಗುವುದಾದರೂ ಎಲ್ಲಿಗೆ? ಗುಂಡಿಗೆ ಮುಂಚಿನ ಕೊನೆಯ ಚೇಂಬರಿನ ಮುಚ್ಚಳ ತೆಗೆದು ನೋಡಿ. ಪೈಪಿನ ಬಾಯಿ ಮುಳುಗುವಷ್ಟು ನೀರು ನಿಂತಿದ್ದು, ಮುಂದಿನ ಪೈಪಿಗೆ ಬಿದಿರು ಸಲೀಸಾಗಿ ಹೋಗುತ್ತಿದ್ದರೆ ತುಂಬಿರುವುದು ಗುಂಡಿ, ಇನ್ನು ಎಷ್ಟು ತಿವಿದರೂ ವ್ಯರ್ಥ. ಟ್ಯಾಂಕರ್ ಕರೆಸಿ ಗುಂಡಿ ಎಳೆಸಿದರೂ ಸುತ್ತಲಿನ ಮಣ್ಣಿನ ನೀರು ಮತ್ತೆ ಬಂದು ತುಂಬುತ್ತದೆ. ಪ್ಲಾಸ್ಟಿಕ್ಕಿನ ಸೆಪ್ಟಿಕ್ ಟ್ಯಾಂಕನ್ನು ಆ ಹೊತ್ತಿನಲ್ಲಿ ಖಾಲಿ ಮಾಡಿಸಿದರೆ ಟ್ಯಾಂಕೇ ಮೇಲಕ್ಕೆ ತೇಲುವುದೂ ಉಂಟು.

ಇಲ್ಲಿ ನಿಜವಾದ ತಪ್ಪು ಬಹಳ ಸಲ ಮಾಡಿನಲ್ಲಿರುತ್ತದೆ. ಸೂರಿನ ದೋಣಿಯ ನೀರನ್ನು ಹತ್ತಿರ ಸಿಕ್ಕ ಚೇಂಬರಿಗೆ ಬಿಟ್ಟಿರುತ್ತಾರೆ. ಸಾವಿರ ಚದರಡಿ ಮಾಡಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ 9,000 ಲೀಟರಿಗೂ ಹೆಚ್ಚು ನೀರು. ಸ್ನಾನದ, ಪಾತ್ರೆಯ ನೀರಿಗೆಂದು ತೋಡಿದ ಗುಂಡಿ ಇದನ್ನು ಹೊರುವುದಿಲ್ಲ. ಮಾಡಿನ ನೀರಿಗೆ ಪ್ರತ್ಯೇಕ ಕಾಲುವೆ ಮಾಡಿ ತೋಟದ ಬಸಿಗಾಲುವೆಗೆ ಸೇರಿಸಿ. ಶಿವಮೊಗ್ಗ ಪೇಟೆಯಲ್ಲಿ ಒಳಚರಂಡಿಗೆ ಮಳೆನೀರು ಬಿಟ್ಟರೂ ಇದೇ ಫಲ, ರಸ್ತೆಯ ಮ್ಯಾನ್‌ಹೋಲ್ ಉಕ್ಕಿ ತಗ್ಗಿನ ಮನೆಯ ಬಚ್ಚಲಿಗೆ ವಾಪಸ್ ಬರುತ್ತದೆ. ಸೆಪ್ಟಿಕ್ ಟ್ಯಾಂಕಿನೊಳಗೆ ಮಾತ್ರ ಯಾವ ಕಾರಣಕ್ಕೂ ಯಾರನ್ನೂ ಇಳಿಸಬೇಡಿ. ಒಳಗಿನ ವಿಷಗಾಳಿಗೆ ನಿಮಿಷದಲ್ಲಿ ಜೀವ ಹೋಗುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹೊಸದಾಗಿ ಪೈಪು ಹಾಕಿಸುವವರು ಮೇಸ್ತ್ರಿಯ ಪಕ್ಕ ನಿಂತು ಕೆಲವನ್ನು ನೋಡಿಕೊಳ್ಳಿ. ಹೊರಗಿನ ನಾಲ್ಕಿಂಚಿನ ಪೈಪಿಗೆ ಹತ್ತಡಿಗೆ ಮೂರು ಇಂಚು ಇಳಿಜಾರು ಕೊಡಿಸಿ. ಕಣ್ಣಂದಾಜು ಬೇಡ, ದಾರ ಕಟ್ಟಿ ಅಳೆಸಿ. ನೇರ ಮೂಲೆ ತಿರುವಿನ ಬದಲು ಎರಡು ಅರ್ಧ ಬೆಂಡು (45 ಡಿಗ್ರಿಯದು) ಹಾಕಿಸಿ. ಮೂಲೆಯೇ ಬೇಕಾದಲ್ಲಿ ಬಿಚ್ಚುವ ಮುಚ್ಚಳವಿರುವ ಡೋರ್ ಬೆಂಡ್. ಬಾಳೆ, ತೆಂಗಿನ ಬುಡದ ಹತ್ತಿರ ಜಾಯಿಂಟ್ ಬಾರದಿರಲಿ, ಸಂದಿನಲ್ಲಿ ಬೇರು ನುಗ್ಗುತ್ತದೆ. ಪೈಪಿನ ಕೊನೆ ತೋಟಕ್ಕೆ ತೆರೆದಿದ್ದರೆ ಕಪ್ಪೆ, ಅದರ ಹಿಂದೆ ಹಾವು ಬರದಂತೆ ಜಾಲರಿ ಬೇಕು. ಆ ಜಾಲರಿಯನ್ನು ಸಿಮೆಂಟಿನಲ್ಲಿ ಹೂತುಬಿಡಬೇಡಿ, ತಂತಿಯಲ್ಲಿ ಕಟ್ಟಿ. ಮೊದಲ ಮಳೆಗೆ ದರಗು ಬಂದು ಮೆತ್ತಿಕೊಂಡಾಗ ಬಿಚ್ಚಿ ಕೊಡವಲು ಬರಬೇಕು.