ಅಜ್ರಖ್ ಕಲಿಯಲು ಕಚ್ಛ್‌ಗೆ: ಐದು ದಿನ ಸಾಲುವಂತೆ ಮಾಡುವುದು ಹೇಗೆ

ಗುಜರಾತಿನ ಕಚ್ಛ್‌ಗೆ ಅಜ್ರಖ್, ಅಂದರೆ ಮರದ ಅಚ್ಚಿನಿಂದ ಬಟ್ಟೆಯ ಮೇಲೆ ಮಾಡುವ ಮುದ್ರಣ, ಕಲಿಯಲು ಹೊರಡುವ ಗುಂಪುಗಳು ಎರಡು ದಿನ ಕಲಿಕೆಗೆ, ಉಳಿದದ್ದು ಬಿಳಿ ರಣ ಎಂಬ ಉಪ್ಪಿನ ಬಯಲು ನೋಡಲು ಎಂದು ಲೆಕ್ಕ ಹಾಕಿಕೊಂಡು ಬರುತ್ತವೆ. ಹಾಗೆ ಬಂದವರು ಅರ್ಧಂಬರ್ಧ ಬಟ್ಟೆ ಹಿಡಿದು ವಾಪಸಾಗುತ್ತಾರೆ. ಪೂರ್ತಿ ಅಜ್ರಖ್‌ಗೆ ಹದಿನಾಲ್ಕರಿಂದ ಹದಿನಾರು ಹಂತ. ನಡುನಡುವೆ ಬಿಸಿಲಲ್ಲಿ ಒಣಗಬೇಕಾದ್ದರಿಂದ ಎರಡು ಮೂರು ವಾರ ಹಿಡಿಯುತ್ತದೆ. ಐದೇ ದಿನ ಇದ್ದರೆ ಕೆಂಪು, ಕಪ್ಪು, ಬಿಳಿಗೆ ನಿಲ್ಲಿಸಿ. ನೀಲಿಯನ್ನು ಬೇರೊಂದು ಸಣ್ಣ ತುಂಡಿನ ಮೇಲೆ ಕಲಿಯಿರಿ.

ಕಲಿಯುವ ಜಾಗ ಅಜ್ರಖ್‌ಪುರ, ಭುಜ್‌ನಿಂದ ಅರ್ಧ ತಾಸಿನ ದಾರಿ. 2001ರ ಭೂಕಂಪದ ನಂತರ ಅಜ್ರಖ್‌ನ ಹಳೆಯ ಊರಾದ ಧಮಡ್ಕಾದ ನೀರಿನಲ್ಲಿ ಕಬ್ಬಿಣದಂಶ ಹೆಚ್ಚಿ ಬಣ್ಣ ಕೆಡತೊಡಗಿತು. ಆಗ ಅಲ್ಲಿನ ಹಲವು ಖತ್ರಿ (ಮುದ್ರಣ ಕಸುಬಿನ ಸಮುದಾಯ) ಮನೆತನಗಳು ಬಂದು ಕಟ್ಟಿದ ಊರಿದು. ಈ ಕಸುಬಿಗೆ ನೀರು ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ ಮೇಲೆ ಕಚ್ಛ್‌ನ ಗಾಂಧಿಧಾಮಕ್ಕೆ ವಾರಕ್ಕೊಮ್ಮೆ ರೈಲಿದೆ. ಅದು ಹೊಂದದಿದ್ದರೆ ಅಹಮದಾಬಾದ್‌ಗೆ ಹೋಗಿ ಭುಜ್‌ಗೆ ರಾತ್ರಿ ರೈಲು ಹಿಡಿಯಬಹುದು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಮಳೆಗಾಲ ಬೇಡವೇ ಬೇಡ. ಶುಕ್ರವಾರ ಮತ್ತು ರಂಜಾನ್ ತಿಂಗಳಲ್ಲಿ ಕೆಲಸದ ವೇಳೆ ಹೇಗಿರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಹಿಂದಿ ಬಂದರೆ ಮಾತಿಗೆ ತೊಂದರೆಯಿಲ್ಲ. ಆರು ಜನಕ್ಕಿಂತ ಹೆಚ್ಚಾದರೆ ಒಬ್ಬ ಕುಶಲಕರ್ಮಿ ಎಲ್ಲರ ಕೈ ತಿದ್ದಲಾರರು.

ಗಿರಣಿ ಬಟ್ಟೆಯ ಗಂಜಿ ತೆಗೆಯಲು ಹರಳೆಣ್ಣೆ, ಸೋಡಾ, ಒಂಟೆ ಲದ್ದಿಯಲ್ಲಿ ನೆನೆಸಿ ಮತ್ತೆ ಮತ್ತೆ ಒಗೆಯಬೇಕು. ಇದಕ್ಕೇ ಹಲವು ದಿನ ಬೇಕಾದ್ದರಿಂದ, ತಲಾ ಎರಡು ಮೀಟರ್ ಬಟ್ಟೆಯನ್ನು ಸಿದ್ಧ ಮಾಡಿಟ್ಟಿರಲು ಹೇಳಿ. ಗಂಜಿ ಉಳಿದ ಕಡೆ ಬಣ್ಣ ಮಚ್ಚೆಮಚ್ಚೆಯಾಗುತ್ತದೆ.

ಮೊದಲ ದಿನ ಅಳಲೆಕಾಯಿ ಪುಡಿಯ ನೀರಲ್ಲಿ ಅದ್ದಿ, ಮಡಿಕೆ ಬೀಳದಂತೆ ಹರವಿ ಒಣಗಿಸುವುದು. ಮಡಿಕೆಯಲ್ಲಿ ಒಗರು ಹೆಚ್ಚು ನಿಂತರೆ ಮುಂದೆ ಅಲ್ಲಿ ಗೆರೆ ಮೂಡುತ್ತದೆ. ನಂತರ ಸುಣ್ಣ ಮತ್ತು ಜಾಲಿ ಗೋಂದಿನಿಂದ ಬಿಳಿ ಉಳಿಯಬೇಕಾದ ಗೆರೆಗಳ ಮುದ್ರಣ. ಹೊಸಬರ ಕೈ ತಪ್ಪುವುದು ಇಲ್ಲೇ. ಅಚ್ಚನ್ನು ಲೇಪದ ತಟ್ಟೆಯಲ್ಲಿ ಬಲವಾಗಿ ಒತ್ತಿದರೆ ಕೆತ್ತನೆಯ ಸಂದಿಗೆ ಲೇಪ ತುಂಬಿ ಗೆರೆ ಹರಡುತ್ತದೆ. ತಟ್ಟೆಯಲ್ಲಿ ಹಗುರ, ಬಟ್ಟೆಯ ಮೇಲೆ ಅಂಗೈಯ ಬುಡದಿಂದ ಒಂದೇ ಗಟ್ಟಿ ಏಟು. ಮೂಲೆಯ ಗುರುತು ಕೂದಲೆಳೆಯಷ್ಟು ತಪ್ಪಿದರೂ ನಾಲ್ಕನೇ ಸಾಲಿಗೆ ಬೆರಳಗಲ ಓರೆಯಾಗಿರುತ್ತದೆ. ಮೊದಲ ಹತ್ತಿಪ್ಪತ್ತು ಒತ್ತು ಹಳೆ ಬಟ್ಟೆಯ ಮೇಲಿರಲಿ.

ಎರಡನೇ ದಿನ ಕಪ್ಪು. ತುಕ್ಕು ಕಬ್ಬಿಣ, ಬೆಲ್ಲ, ಕಡಲೆಹಿಟ್ಟನ್ನು ನೀರಲ್ಲಿ ಎರಡು ಮೂರು ವಾರ ಹುಳಿಯಿಟ್ಟು, ಹುಣಸೆಬೀಜದ ಹಿಟ್ಟು ಹಾಕಿ ಕುದಿಸಿದ ಲೇಪ ಅದು. ಅಳಲೆಯ ಒಗರು ಕಬ್ಬಿಣಕ್ಕೆ ತಾಗಿದ ಕೂಡಲೇ ಕಪ್ಪು ಮೂಡುತ್ತದೆ. ಲೇಪ ದಪ್ಪಗೆ ಹಾಕಬೇಡಿ, ಕಬ್ಬಿಣ ಹೆಚ್ಚಾದರೆ ವರ್ಷಗಳಲ್ಲಿ ಎಳೆಯೇ ಸವೆದು ತೂತಾಗುತ್ತದೆ. ಮೂರನೇ ದಿನ ಕೆಂಪು ಬರಬೇಕಾದ ಕಡೆ, ಬಣ್ಣ ಹಿಡಿಸುವ ಪಟಿಕದ ಲೇಪ. ಪಟಿಕ ಕೂರಲು ಸಮಯ ಬೇಕು. ಆದ್ದರಿಂದ ನಾಲ್ಕನೇ ದಿನ ಬಟ್ಟೆ ಮುಟ್ಟದೆ ನೇಕಾರರ ಊರಾದ ಭುಜೋಡಿಯ ಮಗ್ಗಗಳನ್ನೂ ಅಜ್ರಖ್‌ಪುರದಲ್ಲೇ ಇರುವ ಕರಕುಶಲ ವಸ್ತುಸಂಗ್ರಹಾಲಯವನ್ನೂ ನೋಡಿ. ನೀಲಿಯ ಸಣ್ಣ ತುಂಡನ್ನೂ ಅಂದೇ ಅದ್ದಬಹುದು. ನೀಲಿಯ ತೊಟ್ಟಿಯನ್ನು ಕಲಕಬೇಡಿ. ಗಾಳಿ ಸೇರಿದರೆ ನೀಲಿ ಎಳೆಗೆ ಹಿಡಿಯುವುದಿಲ್ಲ. ಹಸಿರಾಗಿ ಹೊರಬಂದ ಬಟ್ಟೆ ಗಾಳಿಯಲ್ಲೇ ನೀಲಿಯಾಗುತ್ತದೆ.

ಐದನೇ ದಿನ ಧಾರಾಳ ನೀರಲ್ಲಿ ಒಗೆತ, ಆಮೇಲೆ ಕೆಂಪು ಬಣ್ಣದ ಹಂಡೆ. ಒದ್ದೆ ಬಟ್ಟೆಯನ್ನು ಗುಡ್ಡೆ ಹಾಕಿದರೆ ಬಿಟ್ಟ ಪಟಿಕ ಬಿಳಿ ಜಾಗಕ್ಕೆ ಅಂಟಿ, ಬಣ್ಣದ ಹಂಡೆಯಲ್ಲಿ ಅಲ್ಲೆಲ್ಲ ಕೆಂಪು ಮಚ್ಚೆ ಏಳುತ್ತದೆ. ಹಂಡೆಯಲ್ಲಿರುವುದು ಮಂಜಿಷ್ಠ ಬೇರಿನ ಬಣ್ಣವೋ ಅಲಿಜರಿನ್ ಎಂಬ ಕೃತಕ ಬಣ್ಣವೋ ಎಂದು ಕೇಳಿ ತಿಳಿದುಕೊಳ್ಳಿ. ಎರಡೂ ಬಳಕೆಯಲ್ಲಿವೆ, ಬೆಲೆ ಬೇರೆ. ಬಿಸಿ ನಿಧಾನವಾಗಿ ಏರಬೇಕು, ಬಟ್ಟೆ ಸದಾ ಆಡುತ್ತಿರಬೇಕು.

ಮನೆಗೆ ಬಂದಮೇಲೆ ಮೊದಲೆರಡು ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ. ಕಲೆ ತೆಗೆಯಲು ನಿಂಬೆಹಣ್ಣು ಉಜ್ಜಬೇಡಿ, ಹುಳಿಗೆ ಕಬ್ಬಿಣದ ಕಪ್ಪು ಬಿಟ್ಟುಹೋಗುತ್ತದೆ.