0.4ಕ್ಕೆ ತಿರುಗಿಸಿದ ಗುಂಡಿ

‘ಆಮೇಲೆ ಒಂದು ಸಲವೂ ಟ್ರಿಪ್ ಆಗಿಲ್ಲ ಸಾರ್.’

ಮಂಗಳವಾರ ಪೀಣ್ಯದ ಕಾರ್ಖಾನೆಯೊಂದರಲ್ಲಿ ಹಿರಿಯ ಎಲೆಕ್ಟ್ರಿಷಿಯನ್ ಹೇಳಿದ ಈ ಮಾತು ವಾರವೆಲ್ಲ ಕಿವಿಯಲ್ಲೇ ಉಳಿದಿದೆ. ಎಷ್ಟು ಹೆಮ್ಮೆಯಿಂದ ಹೇಳಿದರು!

ಮುಖ್ಯ ಪ್ಯಾನೆಲ್ಲಿನಿಂದ ಹೊಸ ಶೆಡ್ಡಿಗೆ ಹೋಗುವ ಬ್ರೇಕರಿನಲ್ಲಿ, ಅಂದರೆ ಶಾರ್ಟ್ ಆದಾಗ ಕರೆಂಟ್ ಕಡಿಯುವ ಸ್ವಿಚ್ಚಿನಲ್ಲಿ, ತಕ್ಷಣ ಟ್ರಿಪ್ ಮಾಡುವ ಭಾಗ ಆಫ್ ಆಗಿತ್ತು, ಎಷ್ಟು ಹೊತ್ತು ತಡೆದು ಟ್ರಿಪ್ ಆಗಬೇಕೆಂದು ಹೇಳುವ ಗುಂಡಿ 0.4 ಸೆಕೆಂಡಿನಲ್ಲಿತ್ತು. ಮುಖ್ಯ ಪ್ಯಾನೆಲ್ಲಿಗೆ ಇದು ಲೆಕ್ಕಕ್ಕಿಲ್ಲ. ಅದು 50 ಕಿಲೋ ಆಂಪಿಯರನ್ನು ಒಂದು ಸೆಕೆಂಡ್ ತಾಳುತ್ತದೆ. ಶಾರ್ಟ್ ಆದಾಗ ಅಲ್ಲಿನ 1000 ಕೆವಿಎ ಟ್ರಾನ್ಸ್‌ಫಾರ್ಮರಿನಿಂದ ಬರುವುದೇ ಹೆಚ್ಚೆಂದರೆ 27. ಶೆಡ್ಡಿನ ಪ್ಯಾನೆಲ್ಲಿನ ಫಲಕದ ಮೇಲೆ ಮಾತ್ರ ‘25 ಕಿಲೋ ಆಂಪಿಯರ್, 0.2 ಸೆಕೆಂಡ್’ ಎಂದಿತ್ತು.

‘ಕೇಬಲ್ ದಾಟಿ ಅಲ್ಲಿಗೆ ಮುಟ್ಟುವುದು 20 ತಾನೇ? 25ಕ್ಕಿಂತ ಕಡಿಮೆಯೇ ಆಯಿತಲ್ಲ’ ಎಂದರು ಮ್ಯಾನೇಜರ್. ಅರ್ಧ ಲೆಕ್ಕ ಮಾಡಿ ಪೂರ್ತಿ ಧೈರ್ಯ ತಂದುಕೊಳ್ಳುವ ಜಾತಿಯ ಮನುಷ್ಯ. ಬಸ್‌ಬಾರ್, ಅಂದರೆ ಪ್ಯಾನೆಲ್ಲಿನೊಳಗೆ ಕರೆಂಟ್ ಹೊರುವ ಲೋಹದ ಪಟ್ಟಿ, ಬಿಸಿಯಾಗುವುದು ಕರೆಂಟಿನ ವರ್ಗವನ್ನು ಸಮಯದಿಂದ ಗುಣಿಸಿದಷ್ಟು. 25ರ ವರ್ಗಕ್ಕೆ 0.2 ಗುಣಿಸಿದರೆ 125. 20ರ ವರ್ಗಕ್ಕೆ 0.4 ಗುಣಿಸಿದರೆ 160. ಬ್ರೇಕರ್ ತೆರೆದುಕೊಳ್ಳಲು ಹಿಡಿಯುವ ಹೊತ್ತನ್ನು ಇನ್ನೂ ಸೇರಿಸಿಲ್ಲ. ಶಾರ್ಟ್ ಆದ ದಿನ ಬ್ರೇಕರ್ ತಾಳ್ಮೆಯಿಂದ ಕಾಯುತ್ತದೆ, ಪ್ಯಾನೆಲ್ ಬೇಯುತ್ತದೆ.

‘ಯಾರು ಇದನ್ನು ತಿರುಗಿಸಿದ್ದು?’ ಎಂದು ನಾನು ಗದರಿದೆ. ಮ್ಯಾನೇಜರ್ ತಕ್ಷಣ ಎಲೆಕ್ಟ್ರಿಷಿಯನ್ ಕಡೆ ನೋಡಿದರು. ಅವರು ಏನೂ ಹೇಳದೆ ಬೀರುವಿನಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಹಾಳೆಯೊಂದನ್ನು ತಂದುಕೊಟ್ಟರು. ಸೆಟ್ಟಿಂಗ್ ಪಟ್ಟಿ. 0.4. ಕೆಳಗೆ ನನ್ನದೇ ಸಹಿ.

ಶೆಡ್ಡಿನಲ್ಲಿ ಒಂದು ಮೋಟರ್ ಸುಟ್ಟರೂ ಇಡೀ ಶೆಡ್ ಆರಿಹೋಗುತ್ತಿದ್ದ ದಿನಗಳಲ್ಲಿ ಬರೆದುಕೊಟ್ಟದ್ದು. ಮುಖ್ಯ ಪ್ಯಾನೆಲ್ಲನ್ನಷ್ಟೇ ನೋಡಿ ಬರೆದಿದ್ದೆ. ಐವತ್ತು ಹೆಜ್ಜೆ ನಡೆದು ಶೆಡ್ಡಿನ ಫಲಕ ಓದಿರಲಿಲ್ಲ. ಅಂದರೆ ಆ ಹೆಮ್ಮೆಯ ಮಾತು ನನಗೆ ಸಂದ ಹೊಗಳಿಕೆ!

ಸದ್ದು ಮಾಡದಿರುವುದನ್ನು ನಾವು ಎಷ್ಟು ಬೇಗ ಒಳ್ಳೆಯದೆಂದು ನಂಬುತ್ತೇವೆ! ಎದುರಾಡದ ಮಗ, ರಜೆ ಕೇಳದ ಗುಮಾಸ್ತ, ನೋವು ಹೇಳಿಕೊಳ್ಳದ ಅಮ್ಮ. ನನ್ನ ಅಮ್ಮ ಮಂಡಿನೋವನ್ನು ಎರಡು ವರ್ಷ ಮುಚ್ಚಿಟ್ಟಿದ್ದರು. ‘ಗಟ್ಟಿ ಜೀವ’ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಗುಂಡಿಯನ್ನು 0.1ಕ್ಕೆ ಇಳಿಸಿದೆವು. ಶೆಡ್ಡಿನ ಚಿಕ್ಕ ಬ್ರೇಕರುಗಳು ತಮ್ಮ ಕೆಲಸ ಮುಗಿಸಲು ಅಷ್ಟು ಸಾಕು. ಹಾಳೆಯಲ್ಲಿ 0.4 ಹೊಡೆದುಹಾಕಿ ಹೊಸ ಸಹಿ ಮಾಡುವಾಗ ಎಲೆಕ್ಟ್ರಿಷಿಯನ್ ಮೆಲ್ಲಗೆ ಕೇಳಿದರು: ‘ಶೆಡ್ಡಿನ ಫಲಕದ್ದನ್ನೂ ಇದರಲ್ಲೇ ಬರೆದುಬಿಡುತ್ತೀರಾ ಸಾರ್?’